ಎರಡು ಸ್ಪ್ರಿಂಗಿನ ವ್ಯಾಜ್ಯ

ಆಷಾಢದ ಗಾಳಿಗೆ ಹೆದ್ದಾರಿ ಬದಿಯಲ್ಲಿ ಒಂದು ಬೋರ್ಡು ನಿಲ್ಲಿಸಿ ನೋಡಿ, ಆಮೇಲೆ ಮಾತಾಡೋಣ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಬೋರ್ಡಲ್ಲ, ಗುಂಡಿ ತೆಗೆದು ಕಾಂಕ್ರೀಟು ತುಂಬಿ ನೆಟ್ಟಿದ್ದೂ ಅಲ್ಲ. ಬೆಳಗ್ಗೆ ಇಟ್ಟು ಸಂಜೆ ಮಡಚಿ ಟ್ರ್ಯಾಕ್ಟರಿಗೆ ಎಸೆದುಕೊಂಡು ಹೋಗುವಂಥದ್ದು. 'ಮುಂದೆ ರಸ್ತೆ ಕಾಮಗಾರಿ, ನಿಧಾನವಾಗಿ ಚಲಿಸಿ' ಎಂದು ಬರೆದಿರುತ್ತದಲ್ಲ, ಅದು.

ನಾನು ಚಿತ್ರದುರ್ಗದ ಕಡೆಯವನು. ಜೋಗಿಮಟ್ಟಿಯ ಮೇಲೆ ಈಗ ಸಾಲಾಗಿ ಗಾಳಿಯಂತ್ರ ನಿಂತಿವೆ. ನಾನು ಹುಡುಗನಾಗಿದ್ದಾಗ ಆ ಗಾಳಿಗೆ ಅಂಥ ಮರ್ಯಾದೆಯ ಉದ್ಯೋಗ ಇರಲಿಲ್ಲ; ಹೆಂಚು ಹಾರಿಸುವುದು, ಒಣಹಾಕಿದ ಪಂಚೆಯನ್ನು ಪಕ್ಕದ ಹೊಲಕ್ಕೆ ಮುಟ್ಟಿಸುವುದು, ಇಷ್ಟೇ. ಐಟಿಐ ಫಿಟ್ಟರ್ ಮುಗಿಸಿ ಬೆಂಗಳೂರಿಗೆ ಬಂದು, ಹತ್ತು ವರ್ಷ ಅವರಿವರ ಕೈಕೆಳಗೆ ದುಡಿದು, ಪೀಣ್ಯದಲ್ಲಿ ಒಂದು ಶೆಡ್ಡು ಹಾಕಿಕೊಂಡೆ. ಗೇಟು, ಗ್ರಿಲ್ಲು, ಬ್ಯಾರಿಕೇಡು, ಬೋರ್ಡಿನ ಸ್ಟ್ಯಾಂಡು. ಮಾಡಿದ್ದೆಲ್ಲ ಕಬ್ಬಿಣದ ಕೆಲಸ, ಓದಿದ್ದು ಕಡಿಮೆ. ಹಾಗಿದ್ದೂ ಅಮೆರಿಕದ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನಾಲ್ಕೈದು ಸಲ ಓದಿಸಿ ಕೇಳಿದ್ದೇನೆ. ಕಾರಣ, ಆ ತೀರ್ಪು ಇರುವುದೇ ಬೋರ್ಡಿನ ಸ್ಟ್ಯಾಂಡಿನ ಬಗ್ಗೆ.

ಮೊದಲು ನನ್ನ ಕಥೆ. ಹೆದ್ದಾರಿ ಅಗಲ ಮಾಡುವ ಕೆಲಸ ಹಿಡಿದಿದ್ದ ಒಬ್ಬ ಕಂಟ್ರಾಕ್ಟರಿಗೆ ನಲವತ್ತು ಸ್ಟ್ಯಾಂಡು ಬೇಕಾಗಿತ್ತು. ಆಗೆಲ್ಲ ಆಂಗಲ್ ಕಬ್ಬಿಣದ ನಾಲ್ಕು ಕಾಲು, ಮೇಲೆ ತಗಡು, ಕಾಲಿಗೆ ಮರಳು ಚೀಲ. ಗಾಳಿ ಬಂದರೆ ಚೀಲದ ಸಮೇತ ಮಗುಚುತ್ತಿತ್ತು. ಲೆಕ್ಕ ಸುಲಭವಾಗಿದೆ. ನಾಲ್ಕಡಿ ಚೌಕದ ತಗಡಿನ ಮೇಲೆ ಗಂಟೆಗೆ 40 ಕಿ.ಮೀ. ಗಾಳಿ ನೇರವಾಗಿ ಬಡಿದರೆ ಸುಮಾರು 14 ಕೆ.ಜಿ. ಒತ್ತುತ್ತದೆ. ಗಾಳಿ 80ಕ್ಕೆ ಏರಿದರೆ ಒತ್ತಡ 28 ಆಗುವುದಿಲ್ಲ, 55ರ ಹತ್ತಿರ ಹೋಗುತ್ತದೆ. ವೇಗ ಇಮ್ಮಡಿ, ಒತ್ತಡ ನಾಲ್ಮಡಿ. ಅದರ ಜೊತೆಗೆ ಪಕ್ಕದಲ್ಲೇ ಲಾರಿಗಳು ಹಾದುಹೋಗುವಾಗ ಎಬ್ಬಿಸುವ ಗಾಳಿ ಬೇರೆ.

ಬುಡಕ್ಕೆ ಒಂದು ಸ್ಪ್ರಿಂಗ್ ಹಾಕಿದರೆ ಬೋರ್ಡು ಬಾಗಿ ಗಾಳಿಯನ್ನು ದಾಟಿಸಿ ಮತ್ತೆ ಎದ್ದು ನಿಲ್ಲುತ್ತದಲ್ಲ ಅನ್ನಿಸಿತು. ಹಾಕಿದೆ. ಬಾಗಿತು, ಎದ್ದಿತು, ಎಲ್ಲರೂ ಶಹಭಾಸ್ ಅಂದರು. ಹದಿನೈದು ದಿನಕ್ಕೆ ಕಂಟ್ರಾಕ್ಟರ ಫೋನು: "ಏನ್ರೀ ಇದು, ನಿಮ್ಮ ಬೋರ್ಡುಗಳೆಲ್ಲ ಶೇಂಗಾ ಹೊಲ ನೋಡ್ತಾ ನಿಂತಿವೆ!" ಹೋಗಿ ನೋಡಿದರೆ ನಿಜ. ಬೋರ್ಡು ಬೀಳದೆ ನಿಂತೇ ಇತ್ತು, ಆದರೆ ತಿರುಚಿಕೊಂಡಿತ್ತು. ಬರುವ ವಾಹನಕ್ಕೆ ತಗಡಿನ ಅಂಚು, ಹೊಲದಲ್ಲಿ ಮೇಯುತ್ತಿದ್ದ ಎಮ್ಮೆಗೆ 'ನಿಧಾನವಾಗಿ ಚಲಿಸಿ'. ಕೆಲವು ಸ್ಪ್ರಿಂಗು ಬೆಸುಗೆಯ ಬುಡದಲ್ಲೇ ತಿರುಚಿ ಸೀಳಿದ್ದವು.

ನಮ್ಮ ವೆಲ್ಡಿಂಗ್ ಮೇಸ್ತ್ರಿ ಗದಗದ ಕಡೆಯವರು. ಒಡೆದ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅವರು ಹೇಳಿದ ಮಾತು ಇಷ್ಟು: "ಸಾಹೇಬ್ರ, ಪಂಚಮಿ ಜೋಕಾಲಿಗೆ ಒಂದs ಹಗ್ಗ ಕಟ್ತಾರೇನ್ರಿ?" ಒಂದೇ ಹಗ್ಗದ ಜೋಕಾಲಿ ಗಿರಗಿರ ತಿರುಗುತ್ತದೆ. ಎರಡು ಹಗ್ಗ ಕಟ್ಟಿದರೆ ಹಿಂದೆ ಮುಂದೆ ಜೀಕುತ್ತದೆ, ತಿರುಗುವುದಿಲ್ಲ. ಬೋರ್ಡಿನ ಅಗಲಕ್ಕೆ ಸಮವಾಗಿ ಎರಡು ಸ್ಪ್ರಿಂಗನ್ನು ಪಕ್ಕಪಕ್ಕ ನಿಲ್ಲಿಸಿದೆವು. ಎಂಥ ಗಾಳಿಗೂ ಹಿಂದಕ್ಕೆ ಮಲಗಿ ಎದ್ದು ಕೂರುತ್ತಿತ್ತು, ಮುಖ ಮಾತ್ರ ರಸ್ತೆಯ ಕಡೆಗೇ. ಪೀಣ್ಯದಲ್ಲಿ ನಾನೇ ಮೊದಲು ಕಂಡುಹಿಡಿದೆ ಎಂದು ಎದೆಯುಬ್ಬಿಸಿಕೊಂಡು ಓಡಾಡಿದೆ. ಮೂರು ತಿಂಗಳಾಗಿರಲಿಲ್ಲ, ನಮ್ಮ ಹಿಂದಿನ ರಸ್ತೆಯ ಶೆಡ್ಡಿನಲ್ಲಿ ಅದೇ ಸ್ಟ್ಯಾಂಡು. ಎರಡು ಸ್ಪ್ರಿಂಗು, ಅಷ್ಟೇ ಅಂತರ, ಅದೇ ಹಳದಿ ಬಣ್ಣ, ಬೆಲೆ ಮಾತ್ರ ನೂರಿಪ್ಪತ್ತು ರೂಪಾಯಿ ಕಡಿಮೆ.

ನನ್ನ ಅಕ್ಕನ ಮಗಳು ವಕೀಲೆ. ಹಲ್ಲು ಕಚ್ಚಿಕೊಂಡು ಅವಳ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ನಕ್ಕಳು. "ಮಾವ, ಅವರು ನಿಮ್ಮದನ್ನ ಕದ್ದಿಲ್ಲ. ನೀವೇ ಗೊತ್ತಿಲ್ಲದೆ ಇನ್ನೊಬ್ಬರ ಹಳೇ ದಾರಿಯಲ್ಲಿ ನಡೆದಿದ್ದೀರಿ. ಕೂತ್ಕೊಳ್ಳಿ, ಕಾಫಿ ಕುಡೀರಿ, ಒಂದು ಕೇಸು ಹೇಳ್ತೀನಿ."

ರಾಬರ್ಟ್ ಸರ್ಕಿಸಿಯನ್ ಎಂಬ ಅಮೆರಿಕದವನು ಹೊರಾಂಗಣದ ಬೋರ್ಡುಗಳು ಗಾಳಿಗೆ ಬೀಳದಂತೆ ಎರಡು ಸ್ಪ್ರಿಂಗಿನ ಮೇಲೆ ನಿಲ್ಲಿಸುವ ಸ್ಟ್ಯಾಂಡಿಗೆ ಎರಡು ಪೇಟೆಂಟ್ ಪಡೆದಿದ್ದ. ಸಿಕ್ಕಿದ್ದು 1972ರಲ್ಲಿ. ಅರ್ಜಿಯಲ್ಲಿ ಅವನು ಕೊಟ್ಟ ವಿವರಣೆಯನ್ನು ಅವಳು ಓದಿ ಹೇಳುತ್ತಿದ್ದರೆ ನನಗೆ ಮೈ ಜುಮ್ಮೆಂದಿತು. ಒಂದೇ ಸ್ಪ್ರಿಂಗಾದರೆ ಬೋರ್ಡು ನಿಂತಲ್ಲೇ ತಿರುಚಿಕೊಳ್ಳುತ್ತದೆ. ತಿರುಚಿದರೆ ಸ್ಪ್ರಿಂಗಿಗೆ ಪೆಟ್ಟು, ಸ್ಟ್ಯಾಂಡು ಮಗುಚುವುದೂ ಉಂಟು. ಎರಡಿದ್ದರೆ ಈ ಕಾಟವಿಲ್ಲ. ನಮ್ಮ ಮೇಸ್ತ್ರಿಯ ಜೋಕಾಲಿಯ ಮಾತನ್ನೇ ಆ ಮನುಷ್ಯ ಸರ್ಕಾರಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ, ನಾನು ಐಟಿಐ ಸೇರುವುದಕ್ಕೂ ಮುಂಚೆ!

ಆ ಪೇಟೆಂಟುಗಳು ಮಿಷಿಗನ್ನಿನ ಮಾರ್ಕೆಟಿಂಗ್ ಡಿಸ್‌ಪ್ಲೇಸ್ ಎಂಬ ಕಂಪನಿಯ ಕೈಗೆ ಬಂದವು. ಎಂಡಿಐ ಎಂದು ಅದರ ಚುಟುಕು ಹೆಸರು. ಅವರ ಸ್ಟ್ಯಾಂಡಿನ ಹೆಸರು ವಿಂಡ್‌ಮಾಸ್ಟರ್. ಅಮೆರಿಕದಲ್ಲಿ ಕಾಮಗಾರಿಯ ಎಚ್ಚರಿಕೆ ಫಲಕ ಕಿತ್ತಳೆ ಬಣ್ಣದ ಚೌಕ, ಅದನ್ನು ಹರಳಿನ ಹಾಗೆ ಒಂದು ಮೂಲೆಯ ಮೇಲೆ ನಿಲ್ಲಿಸುತ್ತಾರೆ. ನಮ್ಮ ಎಚ್ಚರಿಕೆಯ ತ್ರಿಕೋನ ಅಗಲ ಬದಿಯನ್ನು ಕೆಳಗಿಟ್ಟು ಕೂರುತ್ತದೆ, ಸಂಸಾರಸ್ಥನ ಹಾಗೆ. ಮೂಲೆಯ ಮೇಲೆ ನಿಂತ ಚೌಕಕ್ಕೆ ಹಿಡಿತ ಸಿಗುವುದು ಒಂದೇ ಬಿಂದುವಿನಲ್ಲಿ. ಹಾಗಾಗಿ ಎಂಡಿಐ ಎರಡು ಸ್ಪ್ರಿಂಗನ್ನೂ ಆ ಮೂಲೆಯ ಕೆಳಗೆ ಒತ್ತೊತ್ತಾಗಿ ಜೋಡಿಸಿತು. ಸರ್ಕಿಸಿಯನ್‌ನ ಮೂಲ ಚಿತ್ರದಲ್ಲಿ ಹಾಗಿರಲಿಲ್ಲ. ಅಲ್ಲಿ ಆಯತಾಕಾರದ ಬೋರ್ಡು, ಚೌಕಟ್ಟಿನ ಈ ತುದಿಗೊಂದು ಆ ತುದಿಗೊಂದು ಸ್ಪ್ರಿಂಗು, ನಡುವೆ ಧಾರಾಳ ಜಾಗ. ಈ ಅಂತರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಂಡಿಐಯ ಕಾಲಿಗೆ ತೊಡರಿದ್ದು ಇದೇ.

1970ರ ದಶಕದಲ್ಲಿ ವಿನ್-ಪ್ರೂಫ್ ಎಂಬ ಇನ್ನೊಂದು ಕಂಪನಿ ಒತ್ತೊತ್ತಾದ ಎರಡು ಸ್ಪ್ರಿಂಗಿನ ಸ್ಟ್ಯಾಂಡು ಮಾರತೊಡಗಿತು. ಪೇಟೆಂಟಿನವರು ಒರೆಗಾನ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಪೇಟೆಂಟಿನ ಅಕ್ಷರ ಹಿಡಿದರೆ ವಿನ್-ಪ್ರೂಫ್ ತಪ್ಪು ಮಾಡಿರಲಿಲ್ಲ. ಅಲ್ಲಿ ಬರೆದಿದ್ದದ್ದು 'ದೂರ ದೂರ' ಇಟ್ಟ ಸ್ಪ್ರಿಂಗು, ಇವರದು ಹತ್ತಿರ ಹತ್ತಿರ. ಆದರೆ ಪೇಟೆಂಟ್ ಕಾನೂನಿನಲ್ಲಿ ಸಮಾನತೆಯ ಸಿದ್ಧಾಂತ ಎಂಬುದೊಂದಿದೆ. ರೂಪ ಕೊಂಚ ಬೇರೆಯಾದರೂ ಅದೇ ಕೆಲಸವನ್ನು ಅದೇ ಬಗೆಯಲ್ಲಿ ಮಾಡಿ ಅದೇ ಫಲ ಕೊಟ್ಟರೆ ಅದೂ ಉಲ್ಲಂಘನೆಯೇ. ದೂರವಿದ್ದರೇನು, ಹತ್ತಿರವಿದ್ದರೇನು, ಸಾರ ಇರುವುದು ಎರಡು ಸ್ಪ್ರಿಂಗಿನಲ್ಲಿ ಎಂದು ವಾದಿಸಿ ಗೆದ್ದರು. ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಆಗಿನ ಅಮೆರಿಕದ ಲೆಕ್ಕದಲ್ಲಿ ಪೇಟೆಂಟಿನ ಆಯುಸ್ಸು ಮಂಜೂರಾದ ದಿನದಿಂದ 17 ವರ್ಷ. 1972ಕ್ಕೆ 17 ಕೂಡಿಸಿದರೆ 1989. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಕಣದ ಮಾತು ಪೇಟೆಂಟಿಗೂ ಸಲ್ಲುತ್ತದೆ. ಗಾಳಿ 17 ವರ್ಷ ಬೀಸುತ್ತದೆ, ಅಷ್ಟರಲ್ಲಿ ತೂರಿಕೊಂಡು ಕಾಳು ಮನೆಗೆ ಸಾಗಿಸಬೇಕು. ಆಮೇಲೆ ಕಣ ಊರಿನದು.

ಆಗ ಬಂದದ್ದು ಟ್ರಾಫಿಕ್ಸ್ ಡಿವೈಸಸ್. ಇವರು ವ್ಯಾಪಾರ ಶುರುಮಾಡಿದ ರೀತಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಎಂಡಿಐಯ ಒಂದು ಸ್ಟ್ಯಾಂಡನ್ನು ಹೊರದೇಶಕ್ಕೆ ಕಳಿಸಿ, ಬಿಚ್ಚಿಸಿ, ಅಳತೆ ತೆಗೆಸಿ, ಅಂಥದ್ದೇ ಮಾಡಿಸಿಕೊಂಡರು. ರಿವರ್ಸ್ ಎಂಜಿನಿಯರಿಂಗ್ ಅನ್ನುವ ದೊಡ್ಡ ಹೆಸರಿದೆ. ಸುಪ್ರೀಂ ಕೋರ್ಟು ಅದನ್ನು ನಕಲು ಎಂದೇ ಕರೆಯಿತು, ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಹೆಸರನ್ನೂ ವಿಂಡ್‌ಬಸ್ಟರ್ ಎಂದು ಇಟ್ಟರು. ಒಂದು ವಿಂಡ್‌ಮಾಸ್ಟರ್, ಇನ್ನೊಂದು ವಿಂಡ್‌ಬಸ್ಟರ್. ನಮ್ಮ ಚಿಕ್ಕಪೇಟೆಯಲ್ಲಿ ಸೋಪು, ಬ್ಯಾಟರಿ ಸೆಲ್ಲುಗಳ ಹೆಸರು ಒಂದಕ್ಷರದಲ್ಲಿ ಬದಲಾಗುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಎಂಡಿಐ ಕೋರ್ಟಿಗೆ ಹೋಯಿತು. ಪೇಟೆಂಟು ಸತ್ತಿತ್ತು, ಅದನ್ನು ಹಿಡಿದು ಹೋಗುವಂತಿರಲಿಲ್ಲ. ಆದ್ದರಿಂದ 1946ರ ಟ್ರೇಡ್‌ಮಾರ್ಕ್ ಕಾಯಿದೆ, ಅಂದರೆ ಲ್ಯಾನ್‌ಹ್ಯಾಮ್ ಕಾಯಿದೆಯ ಕೆಳಗೆ ದಾವೆ. ಒಂದು, ನಮ್ಮ ಹೆಸರನ್ನು ಹೋಲುವ ಹೆಸರಿಟ್ಟಿದ್ದಾರೆ. ಇನ್ನೊಂದು, ನಮ್ಮ ಸರಕಿನ ವೇಷವನ್ನೇ ಹಾಕಿಕೊಂಡಿದ್ದಾರೆ. ಟ್ರೇಡ್ ಡ್ರೆಸ್ ಎಂದು ಅವರು ಕರೆಯುವುದಕ್ಕೆ ವೇಷ ಅನ್ನುವುದೇ ಸರಿ ಎಂದು ನನಗೆ ತೋರುತ್ತದೆ. ಬೋರ್ಡಿನ ಬುಡದಲ್ಲಿ ಕಣ್ಣಿಗೆ ಕಾಣುವ ಆ ಜೋಡಿ ಸ್ಪ್ರಿಂಗನ್ನು ನೋಡಿದ ಕೂಡಲೇ ಗಿರಾಕಿ ಇದು ಎಂಡಿಐ ಮಾಲು ಎಂದು ಗುರುತಿಸುತ್ತಾನೆ, ಆದ್ದರಿಂದ ಅದು ನಮ್ಮ ಗುರುತು ಎಂಬುದು ವಾದ. ವಾದದ ಜಾಣ್ಮೆ ನೋಡಿ. ಪೇಟೆಂಟಿಗೆ ಅವಧಿಯಿದೆ, ಟ್ರೇಡ್‌ಮಾರ್ಕಿಗಿಲ್ಲ. ಬಳಸುತ್ತ ಹೋದಷ್ಟು ಕಾಲವೂ ಅದು ನಿಮ್ಮದೇ. ಈ ವಾದ ಗೆದ್ದಿದ್ದರೆ 17 ವರ್ಷ ಉಂಡವರು ಮುಂದಿನ ಕಾಲಕ್ಕೆಲ್ಲ ಬುತ್ತಿಯನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಉಂಡೂ ಹೋದ ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ.

ಈ ಆಸೆ ಎಂಡಿಐ ಒಬ್ಬರದ್ದೇ ಅಲ್ಲ. ಅಕ್ಕನ ಮಗಳು ಹಳೆಯ ಎರಡು ಕೇಸು ಹೇಳಿದಳು. ಮೊದಲನೆಯದು 1896ರದ್ದು, ಸಿಂಗರ್ ಹೊಲಿಗೆ ಯಂತ್ರದ್ದು. ಪೇಟೆಂಟು ಮುಗಿದ ಮೇಲೆ ಜೂನ್ ಎಂಬ ಕಂಪನಿ ಅಂಥದ್ದೇ ಯಂತ್ರ ಮಾಡಿತು. ಯಂತ್ರದ ಆಕಾರ ಈಗ ಎಲ್ಲರದೂ ಹೌದು, ಸಿಂಗರ್ ಎಂಬ ಹೆಸರೂ ಆ ಜಾತಿಯ ಯಂತ್ರದ ಹೆಸರೇ ಆಗಿಹೋಗಿದೆ, ಆದರೆ ಮಾಡಿದವರು ಯಾರೆಂದು ಸ್ಪಷ್ಟವಾಗಿ ಹಾಕಿ ಮಾರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಇದನ್ನು ಕೇಳಿದಾಗ ನನಗೆ ನಮ್ಮಮ್ಮನ ಯಂತ್ರ ನೆನಪಾಯಿತು. ಅದು ಉಷಾ. ಆದರೆ ಕಪ್ಪು ಮೈ, ಬಂಗಾರದ ಬಳ್ಳಿ, ಸೊಂಟ ಬಾಗಿದ ಆಕಾರ, ಎಲ್ಲ ಪಕ್ಕದ ಮನೆಯವರ ಸಿಂಗರ್‌ನ ಹಾಗೇ. ಊರಿನ ದರ್ಜಿ ಎರಡಕ್ಕೂ ಒಂದೇ ಎಣ್ಣೆ ಬಿಟ್ಟು ರಿಪೇರಿ ಮಾಡುತ್ತಿದ್ದ. ಎರಡನೆಯದು 1938ರದ್ದು. ಗೋಧಿಯನ್ನು ಎಳೆಎಳೆಯಾಗಿ ಹಿಂಜಿ ಪುಟ್ಟ ದಿಂಬಿನ ಆಕಾರಕ್ಕೆ ಬೇಯಿಸುವ ಬೆಳಗಿನ ತಿಂಡಿ. ಪೇಟೆಂಟು 1912ರಲ್ಲೇ ಮುಗಿದಿತ್ತು. ಆಮೇಲೆ ಕೆಲಾಗ್ ಕಂಪನಿ ಅದೇ ದಿಂಬು ಮಾಡಿತು, ನ್ಯಾಷನಲ್ ಬಿಸ್ಕಿಟ್ ಕಂಪನಿ ದಾವೆ ಹಾಕಿತು. ಆಕಾರ ಬದಲಿಸಿದರೆ ಖರ್ಚು ಹೆಚ್ಚುತ್ತದೆ, ಗುಣ ಕೆಡುತ್ತದೆ, ಆದ್ದರಿಂದ ದಿಂಬಿನ ಆಕಾರ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ನ್ಯಾಯಮೂರ್ತಿ ಬ್ರಾಂಡೈಸ್ ಬರೆದರು.

ಮಿಷಿಗನ್ನಿನ ಜಿಲ್ಲಾ ನ್ಯಾಯಾಲಯ 1997ರಲ್ಲಿ ಕೊಟ್ಟ ತೀರ್ಪು ಕತ್ತರಿಯಲ್ಲಿ ಕತ್ತರಿಸಿದಂತಿತ್ತು. ಹೆಸರಿನ ವಿಷಯದಲ್ಲಿ ಎಂಡಿಐಗೆ ಗೆಲುವು, ಸ್ಪ್ರಿಂಗಿನ ವಿಷಯದಲ್ಲಿ ಟ್ರಾಫಿಕ್ಸ್‌ಗೆ. ಎಂಡಿಐ ಸ್ಪ್ರಿಂಗಿನ ಸೋಲನ್ನು ಆರನೆಯ ಸರ್ಕ್ಯೂಟಿಗೆ ಒಯ್ದಿತು, 1999ರಲ್ಲಿ ಅಲ್ಲಿ ಚಕ್ರ ತಿರುಗಿತು. ಮೇಲ್ಮನವಿಯ ನ್ಯಾಯಾಧೀಶರು ಹೇಳಿದ್ದರ ತಾತ್ಪರ್ಯ: ಟ್ರಾಫಿಕ್ಸ್‌ನವರು ಸ್ವಲ್ಪ ತಲೆ ಓಡಿಸಬಹುದಿತ್ತಲ್ಲ. ಮೂರು ಸ್ಪ್ರಿಂಗು ಹಾಕಬಹುದಿತ್ತು, ನಾಲ್ಕು ಹಾಕಬಹುದಿತ್ತು, ಅಥವಾ ಎರಡನ್ನೇ ಹಾಕಿ ಕಾಣದ ಹಾಗೆ ಮುಚ್ಚಬಹುದಿತ್ತು.

ಈ ಮಾತಿಗೆ ನಾನು ಅಕ್ಕನ ಮಗಳನ್ನು ಅಲ್ಲೇ ತಡೆದೆ. ಶೆಡ್ಡಿನೊಳಗೆ ಕಾಲಿಡದವರ ಮಾತು ಇದು. ಮೂರನೆಯ ಸ್ಪ್ರಿಂಗು ಅಂದರೆ ಇನ್ನೊಂದು ಸ್ಪ್ರಿಂಗಿನ ದುಡ್ಡು, ಮೇಲೊಂದು ಕೆಳಗೊಂದು ಎರಡು ಬೆಸುಗೆ, ಮೂರೂ ಒಂದೇ ಬಿಗುವಿನಲ್ಲಿ ಕೂರುವಂತೆ ನೋಡಿಕೊಳ್ಳುವ ತಲೆನೋವು. ಮೂರೂ ಒಂದೇ ಸಾಲಿನಲ್ಲಿರದೆ ತ್ರಿಕೋನದಲ್ಲಿ ಕೂತರಂತೂ ಹಿಂದಕ್ಕೆ ಬಾಗುವ ಗುಣವೇ ಬಿಗಿದುಕೊಳ್ಳುತ್ತದೆ. ಎರಡರಲ್ಲಿ ಆಗುವ ಕೆಲಸಕ್ಕೆ ಮೂರು ಹಾಕಿಸುವುದು ಯಾರ ಲಾಭಕ್ಕೆ? ಸರ್ಕಿಸಿಯನ್ ತಾನೇ ಪೇಟೆಂಟ್ ಅರ್ಜಿಯ ಕಾಲಕ್ಕೆ ಎರಡೇ ಸ್ಪ್ರಿಂಗು ಅಗ್ಗ ಎಂದು ಹೇಳಿಕೊಂಡಿದ್ದ! ಇನ್ನು ಮುಚ್ಚುವ ಮಾತು. ನನ್ನ ಸ್ಟ್ಯಾಂಡು ಕೊಳ್ಳುವ ಕಂಟ್ರಾಕ್ಟರು ಮೊದಲು ಮಾಡುವ ಕೆಲಸವೇ ಬೋರ್ಡನ್ನು ಕಾಲಲ್ಲಿ ಒತ್ತಿ ಮಲಗಿಸಿ, ಕಣ್ಣು ಸ್ಪ್ರಿಂಗಿನ ಮೇಲಿಟ್ಟು ಕಾಲು ತೆಗೆಯುವುದು. ಡಬ್ಬಿ ಹಾಕಿ ಮುಚ್ಚಿದರೆ ಒಳಗೆ ಸ್ಪ್ರಿಂಗಿದೆಯೋ ಹುಲ್ಲಿದೆಯೋ ಎಂದು ಕೇಳುತ್ತಾರೆ.

"ಅದನ್ನೇ ಹೇಳಿದ್ದಾರೆ ಮಾವ" ಎಂದು ಅವಳು ಪುಟ ಮಗುಚಿದಳು.

ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದದ್ದು 2000ದ ನವೆಂಬರ್ 29ರಂದು. ಎರಡೇ ದಿನದ ಮೇಲೆ, ಡಿಸೆಂಬರ್ 1ಕ್ಕೆ, ಅದೇ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಬುಷ್ ಮತ್ತು ಗೋರ್ ನಡುವಿನ ಫ್ಲಾರಿಡಾ ಮತ ಎಣಿಕೆಯ ಜಗಳ ಬಂದು ನಿಂತಿತು. ಇಡೀ ಜಗತ್ತು ಅಮೆರಿಕದ ಅಧ್ಯಕ್ಷ ಯಾರೆಂದು ಕಾಯುತ್ತಿದ್ದ ವಾರದಲ್ಲಿ ಆ ಕೋರ್ಟು ರಸ್ತೆ ಬದಿಯ ಬೋರ್ಡಿನ ಬುಡಕ್ಕೂ ಒಂದು ಗಂಟೆ ಹೊತ್ತು ಕೊಟ್ಟಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ತೀರ್ಪು ಬಂದದ್ದು 2001ರ ಮಾರ್ಚ್ 20ಕ್ಕೆ. ಬರೆದವರು ನ್ಯಾಯಮೂರ್ತಿ ಆಂಥನಿ ಕೆನಡಿ, ಒಂಬತ್ತು ಮಂದಿಯದೂ ಒಂದೇ ಅಭಿಪ್ರಾಯ. ಅಧ್ಯಕ್ಷನ ವಿಷಯದಲ್ಲಿ ಐದು–ನಾಲ್ಕಾಗಿ ಒಡೆದವರು ಸ್ಪ್ರಿಂಗಿನ ವಿಷಯದಲ್ಲಿ ಒಡೆಯಲಿಲ್ಲ.

ಕೆನಡಿಯವರ ತರ್ಕವನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಒಂದು ಅಂಗಕ್ಕೆ ಹಿಂದೆ ಪೇಟೆಂಟ್ ಸಿಕ್ಕಿತ್ತು ಅಂದರೆ ಅದು ಕೆಲಸ ಮಾಡುವ ಅಂಗ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಈಗ ಬಂದು ಅದು ಬರೀ ಅಲಂಕಾರ, ನಮ್ಮ ಗುರುತಿನ ಕುಸುರಿ ಎನ್ನುವವರು ಆ ಗಟ್ಟಿ ಸಾಕ್ಷಿಯನ್ನು ತಾವೇ ಅಳಿಸಿ ತೋರಿಸಬೇಕು. ಎರಡು ಸ್ಪ್ರಿಂಗು ಸ್ಟ್ಯಾಂಡಿನ ಅಲಂಕಾರವಲ್ಲ. ಸ್ಟ್ಯಾಂಡು ನಿಲ್ಲುವುದೇ ಅದರಿಂದ. ಕೆಲಸಕ್ಕೆ ಬೇಕಾದ ಅಂಗ ಎಂದಾದ ಮೇಲೆ ಮೂರು ಹಾಕಬಹುದಿತ್ತೇ, ನಾಲ್ಕು ಹಾಕಬಹುದಿತ್ತೇ ಎಂಬ ಊಹೆಗೆ ಇಳಿಯುವ ಅಗತ್ಯವೇ ಇಲ್ಲ. ಮುಚ್ಚುವ ಸಲಹೆಯನ್ನೂ ಅವರು ಬಿಡಲಿಲ್ಲ. ಸ್ಪ್ರಿಂಗು ಕಣ್ಣಿಗೆ ಕಂಡರೇನೇ ಇದು ಕೆಲಸ ಮಾಡುತ್ತದೆ ಎಂಬ ಭರವಸೆ ಕೊಳ್ಳುವವನಿಗೆ ಬರುತ್ತದೆ, ಅವನು ಹುಡುಕುವುದನ್ನೇ ಅವನಿಂದ ಮರೆಮಾಡು ಎನ್ನುವುದು ವಿಪರೀತ ಎಂದರು. ಕಪ್ಪು ಗೌನು ಹಾಕಿಕೊಂಡವರು ನಮ್ಮ ಕಂಟ್ರಾಕ್ಟರ ಕಾಲಿನ ಪರೀಕ್ಷೆಯನ್ನು ಅಷ್ಟು ದೂರದಿಂದ ಹೇಗೆ ಕಂಡರೋ.

ಎಂಡಿಐಗೆ ಉಳಿದಿದ್ದ ಒಂದೇ ದಾರಿ ಆ ಅಂತರದ್ದು. ಪೇಟೆಂಟಿನ ಚಿತ್ರದಲ್ಲಿ ಸ್ಪ್ರಿಂಗು ದೂರ ದೂರ ಇವೆ, ನಮ್ಮ ಸರಕಿನಲ್ಲಿ ಒತ್ತೊತ್ತಾಗಿವೆ, ಹಾಗಾಗಿ ನಮ್ಮ ಸರಕಿನ ಈ ನೋಟ ಪೇಟೆಂಟಿನ ಹೊರಗಿನದು ಎಂಬ ದಾರಿ. ಕೋರ್ಟು ಸದ್ದಿಲ್ಲದೆ ವಿನ್-ಪ್ರೂಫಿನ ಹಳೆಯ ಕಡತ ತೆಗೆದಿಟ್ಟಿತು. ದೂರವೂ ಒಂದೇ ಹತ್ತಿರವೂ ಒಂದೇ ಎಂದು ಅವತ್ತು ವಾದಿಸಿ ಗೆದ್ದವರು ನೀವೇ ಅಲ್ಲವೇ? ಇಪ್ಪತ್ತು ವರ್ಷದ ಹಿಂದಿನ ಗೆಲುವು ಎದುರು ಸಾಕ್ಷಿಯಾಗಿ ಕಟಕಟೆ ಹತ್ತಿತು. ವ್ಯಾಜ್ಯದ ಚರಿತ್ರೆಯಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದ ಬೆಸುಗೆ ಬೇರೆ ಇರಲಾರದು.

ಹೆಸರಿನ ವಿಷಯದಲ್ಲಿ ಮಾತ್ರ ಎಂಡಿಐಗೆ ಕೆಳಗಿನ ಎರಡೂ ಕೋರ್ಟಿನಲ್ಲಿ ಸಿಕ್ಕಿದ್ದ ಗೆಲುವು ಹಾಗೇ ಉಳಿಯಿತು. ಸ್ಪ್ರಿಂಗು ಯಾರು ಬೇಕಾದರೂ ಹಾಕಿ, ವಿಂಡ್‌ಬಸ್ಟರ್ ಎಂದು ಕೂಗಿ ಮಾರಬೇಡಿ. ನಮ್ಮ ದೇಶದಲ್ಲೂ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 9ನೇ ಸೆಕ್ಷನ್ನಿನ 3ನೇ ಉಪಸೆಕ್ಷನ್ ಇದನ್ನೇ ಹೇಳುತ್ತದಂತೆ: ತಾಂತ್ರಿಕ ಫಲಕ್ಕೆ ಬೇಕೇಬೇಕಾದ ಆಕಾರವನ್ನು ಟ್ರೇಡ್‌ಮಾರ್ಕಾಗಿ ನೋಂದಾಯಿಸುವಂತಿಲ್ಲ.

ತೀರ್ಪು ಸರಿ ಎಂದು ನನಗೆ ಒಪ್ಪಿಗೆಯಿದೆ. ಅದಿಲ್ಲದಿದ್ದರೆ ನನ್ನಂಥವನ ಶೆಡ್ಡು ನಡೆಯುವುದಿಲ್ಲ. ಕೀಲು, ಕೊಂಡಿ, ಮಡಚುವ ಕಾಲು, ನಾನು ದಿನಾ ಬೆಸೆಯುವ ಒಂದೊಂದನ್ನೂ ಯಾರೋ ಎಂದೋ ಮೊದಲು ಯೋಚಿಸಿದ್ದಾರೆ. ಆದರೂ ಎಂಡಿಐಯನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ನೂರಿಪ್ಪತ್ತು ರೂಪಾಯಿ ಕಡಿಮೆ ಬೆಲೆಯ ಹಳದಿ ಸ್ಟ್ಯಾಂಡನ್ನು ಹಿಂದಿನ ರಸ್ತೆಯಲ್ಲಿ ಕಂಡ ದಿನ ಹೊಟ್ಟೆಯಲ್ಲಿ ಎದ್ದದ್ದು ಏನೆಂದು ನನಗೆ ಗೊತ್ತಿದೆ. ಅದು ಕಾಯಿದೆ ಕೇಳಿ ಏಳುವುದಿಲ್ಲ. ಅಕ್ಕನ ಮಗಳು ಕೊನೆಗೆ ಕೊಟ್ಟ ಸಲಹೆಗೆ ಫೀಸು ತೆಗೆದುಕೊಳ್ಳಲಿಲ್ಲ: "ಹೆಸರು ಹೊಡೀರಿ ಮಾವ. ಪೇಂಟಲ್ಲಿ ಬೇಡ, ಕಬ್ಬಿಣದ ಮೇಲೆ ಹೊಡೀರಿ." ಅವತ್ತೇ ಸಂಜೆ ಎಸ್.ಪಿ. ರಸ್ತೆಗೆ ಹೋಗಿ ಕನ್ನಡ ಅಕ್ಷರದ ಪಂಚು ಕೇಳಿದೆ. ಇಂಗ್ಲಿಷಿನದು ಮಾತ್ರ ಇತ್ತು. ಮೇಸ್ತ್ರಿ ಉಳಿ ಹಿಡಿದು ನಮ್ಮ ಶೆಡ್ಡಿನ ಹೆಸರಿನ ಮೊದಲಕ್ಷರವನ್ನು ಒಂದು ಅಚ್ಚಿಗೆ ಕೆತ್ತಿಕೊಟ್ಟರು. ಅಲ್ಲಿಂದ ಮುಂದೆ ಹೊರಗೆ ಹೋದ ಪ್ರತಿ ಸ್ಟ್ಯಾಂಡಿನ ಅಡಿಪಟ್ಟಿಗೂ ಅದರ ಒಂದು ಏಟು ಬಿದ್ದಿದೆ.

ಹೋದ ಆಷಾಢದಲ್ಲಿ ಯಾರೋ ಟೆಂಪೋದಲ್ಲಿ ಒಂದು ಸ್ಟ್ಯಾಂಡು ತಂದು ಇಳಿಸಿದರು. ಲಾರಿ ಹಿಂದಕ್ಕೆ ಬರುವಾಗ ಹತ್ತಿಸಿತ್ತು, ಒಂದು ಸ್ಪ್ರಿಂಗು ಹಿಗ್ಗಿ ಹಾವಿನ ಹಾಗೆ ನೇತಾಡುತ್ತಿತ್ತು. "ನಿಮ್ದೇ ಮಾಲು ಸಾರ್, ಎರಡು ಸ್ಪ್ರಿಂಗಿದೆ ನೋಡಿ" ಅಂದ ಡ್ರೈವರ್. ನಮ್ಮ ಹೆಲ್ಪರ್ ಹುಡುಗ ಅಡಿಪಟ್ಟಿಯನ್ನು ಮೇಲೆ ತಿರುಗಿಸಿ ಎಮರಿ ಕಾಗದದಲ್ಲಿ ಹಳದಿ ಬಣ್ಣ ಉಜ್ಜಿದ. ಅಚ್ಚಿನ ಗುರುತಿಲ್ಲ. ಈ ಬದಿ ಉಜ್ಜಿದ, ಆ ಬದಿ ಉಜ್ಜಿದ, ಬರೀ ಕಬ್ಬಿಣ.

"ನಮ್ದಲ್ಲ ಸಾರ್, ಹಿಂದಿನ ರಸ್ತೆಯವರದ್ದು" ಅಂದ. "ವಾಪಸ್ ಕಳಿಸ್ಲಾ?"

ಸ್ಪ್ರಿಂಗಿನ ಅಳತೆ ತೆಗೆದೆ. ನಮ್ಮದೇ ಅಳತೆ. ರ‍್ಯಾಕಿನಿಂದ ಒಂದು ಹೊಸ ಸ್ಪ್ರಿಂಗು ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟೆ.